ಎಲ್ಲರ ಸರದಿಯೂ ಅತ್ತೆಯದೇ

ಬೇರೆ ಮನೆ ನೋಡಿ ಬಂದ ಸುದ್ದಿಯನ್ನು ಮಗ ಊಟದ ನಡುವೆ ಹೇಳಿದ. ಅದೂ ಅಮ್ಮನ ಕೈಯಲ್ಲಿ ಸೌಟು ಇರುವ ಹೊತ್ತು ನೋಡಿಕೊಂಡು. ಸೌಟು ಹಿಡಿದಿರುವಾಗ ಅಮ್ಮ ಕೈ ಬೀಸಿ ಜಗಳ ಮಾಡಲಾರಳು ಎಂದು ಅವನ ಲೆಕ್ಕ. ಲೆಕ್ಕ ತಪ್ಪಿತು.

"ಯಾವ ಮನೆ?" ಎಂದಳು ಅಮ್ಮ. ಸೌಟು ಗಾಳಿಯಲ್ಲೇ ನಿಂತಿತ್ತು. ಬೇಳೆ ಮೇಜಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ಸೇತುವೆ ಆಚೆ ಕಡೆ. ಎರಡು ರೂಮು, ಒಂದು ಅಡುಗೆಮನೆ. ಬಣ್ಣ ಹೊಡೆಸಿ ಮುಂದಿನ ತಿಂಗಳು ಕೊಡ್ತಾರಂತೆ."

"ಯಾಕೆ? ಈ ಮನೆಗೇನಾಗಿದೆ? ಮೇಲಿಂದ ಸೋರ್ತಾ ಇದೆಯಾ?"

ಮಗ ಹೆಂಡತಿಯ ಮುಖ ನೋಡಿದ. ಹೆಂಡತಿ ತಟ್ಟೆ ನೋಡಿದಳು. ಉತ್ತರ ಕೊಟ್ಟವಳು ಹನ್ನೊಂದು ವರ್ಷದ ಮೊಮ್ಮಗಳು. "ಅಮ್ಮಂಗೆ ಅವಳದೇ ಒಂದು ಅಡುಗೆಮನೆ ಬೇಕಂತೆ ಅಜ್ಜಿ. ಇಲ್ಲಿರೋದು ನಿಂದು." ಈ ಹುಡುಗಿಯನ್ನು ಮನೆಯಲ್ಲಿ ಕಡ್ಡಿ ಎಂದು ಕರೆಯುತ್ತಿದ್ದರು. ಮೈಯೂ ಕಡ್ಡಿ, ಮಾತೂ ಕಡ್ಡಿ ಮುರಿದ ಹಾಗೆ.

ಅಜ್ಜಿಯನ್ನು ಬೀದಿಯವರೆಲ್ಲ ಸೂಪರ್‌ವೈಸರಮ್ಮ ಎನ್ನುತ್ತಿದ್ದರು. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರಗಳ ಒಂದು ಸಾಲನ್ನು ಆಳಿ ನಿವೃತ್ತಳಾದವಳು. ಒಬ್ಬಳು ಕಾಲರ್ ಹಚ್ಚಿದರೆ ಮುಂದಿನವಳು ತೋಳು, ಅದರ ಮುಂದಿನವಳು ಕಾಜ. ನಡುವೆ ಒಂದು ಕೈ ತಡವರಿಸಿದರೆ ಇಡೀ ಸಾಲು ನಿಂತಂತೆ. ಆಗ ಸೂಪರ್‌ವೈಸರಮ್ಮ ಓಡಿ ಬಂದು, "ಏಳು, ಕೊಡು ಇಲ್ಲಿ" ಎಂದು ಆ ಹುಡುಗಿಯನ್ನು ಎಬ್ಬಿಸಿ ತಾನೇ ಕೂತು ಹೊಲಿದು ಸಾಲನ್ನು ಓಡಿಸಿಬಿಡುತ್ತಿದ್ದಳು. ಅವಳ ಸಾಲಿನ ಅಂಗಿ ತಪ್ಪಾಗಿದೆ ಎಂದು ವಾಪಸ್ ಬಂದದ್ದೇ ಇಲ್ಲ. ಆ ಹೆಮ್ಮೆ ಅವಳ ನಡಿಗೆಯಲ್ಲೇ ಕಾಣುತ್ತಿತ್ತು, ಕಾಣಬೇಕಾದ್ದೇ. ತೊಂದರೆ ಏನೆಂದರೆ, ಕಾರ್ಖಾನೆಯವರು ಕೊನೆಯ ದಿನ ಗೋಡೆ ಗಡಿಯಾರ ಕೊಟ್ಟು ಕಳಿಸಿದರೇ ಹೊರತು ಸೂಪರ್‌ವೈಸರಿಕೆಯನ್ನು ಗೇಟಿನಲ್ಲಿ ಕಿತ್ತಿಟ್ಟುಕೊಳ್ಳಲಿಲ್ಲ. ಅದು ಅವಳ ಜೊತೆಗೇ ಮನೆಗೆ ಬಂತು.

ಸೊಸೆ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ. ಕೂದಲೆಳೆಯಷ್ಟು ಹೆಚ್ಚು ಕಮ್ಮಿಯಾದರೂ ಗಿರಾಕಿಗೆ ತಲೆನೋವು. ಅಂಥ ಕೈ ಮನೆಗೆ ಬಂದರೆ ಮಾತ್ರ ಯಾವ ಕೆಲಸಕ್ಕೂ ಬಾರದ್ದಾಗುತ್ತಿತ್ತು. ಉಪ್ಪು ಹಾಕಲು ಹೋದರೆ "ಕೊಡು ಇಲ್ಲಿ". ಬಟ್ಟೆ ಮಡಿಸಲು ಕೂತರೆ "ಕೊಡು ಇಲ್ಲಿ". ಮಗಳ ಜಡೆಗೆ ಕೈ ಹಾಕಿದರೂ ಹಿಂದಿನಿಂದ ಒಂದು ಕೈ ಚಾಚಿಕೊಂಡು ಬರುತ್ತಿತ್ತು. ಮಗನೋ, ಲಿಫ್ಟ್ ರಿಪೇರಿಯವನು. ಊರಿನವರ ಕೆಟ್ಟ ಲಿಫ್ಟುಗಳನ್ನೆಲ್ಲ ಓಡಿಸಿ ಬಂದವನು ಮನೆಯಲ್ಲಿ ಅಮ್ಮನಿಗೂ ಹೆಂಡತಿಗೂ ನಡುವೆ, ಎರಡು ಮಹಡಿಗಳ ಮಧ್ಯೆ ಕೆಟ್ಟ ಲಿಫ್ಟಿನಂತೆ ನಿಂತುಬಿಡುತ್ತಿದ್ದ.

ಇನ್ನು ತಾತ. ಬಸ್ ಕಂಡಕ್ಟರಾಗಿದ್ದವನು. ಜಗಳ ಏರುತ್ತಿದ್ದಂತೆ ತಟ್ಟೆ ಎತ್ತಿಕೊಂಡು, "ಮುಂದಕ್ಕೆ ಹೋಗಿ, ಮುಂದಕ್ಕೆ ಹೋಗಿ" ಎನ್ನುತ್ತಾ ತಾನೇ ಮುಂದಿನ ಕೋಣೆಗೆ ಹೋದ.

ಆ ರಾತ್ರಿಯ ಊಟ ಅಲ್ಲಿಗೇ ಮುಗಿಯಿತು. ಸೂಪರ್‌ವೈಸರಮ್ಮ ಪಾತ್ರೆಗಳನ್ನು ಬೇಕೆಂದೇ ಸದ್ದಾಗುವ ಹಾಗೆ ಉಜ್ಜಿದಳು. ಹೋಗುವವರನ್ನು ಹೇಗಾದರೂ ನಿಲ್ಲಿಸಬೇಕು ಎಂದು ಅವಳು ಅಲ್ಲೇ ನಿಶ್ಚಯಿಸಿದ್ದಳು. ಮಗ ಸೊಸೆ ಮೊಮ್ಮಗಳು ಇಲ್ಲದ ಮನೆ ಅವಳ ಕಣ್ಣಿಗೆ ಯಂತ್ರಗಳೆಲ್ಲ ನಿಂತ ಕಾರ್ಖಾನೆಯಂತೆ ಕಂಡು, ನಿಜವಾಗಿಯೂ ಹೆದರಿಕೆಯಾಗಿತ್ತು.

ವಾರ ಕಳೆದ ಮೇಲೆ ಕಡ್ಡಿ ಲೈಬ್ರರಿಯಿಂದ ಒಂದು ದೊಡ್ಡ ಡಬ್ಬಿ ತಂದಳು. ಲೈಬ್ರರಿಯಲ್ಲಿ ಈಗ ಪುಸ್ತಕದ ಹಾಗೆ ಆಟಗಳನ್ನೂ ಎರವಲು ಕೊಡುತ್ತಾರಂತೆ. ಮೇಜಿನ ಮೇಲೆ ಹಲಗೆ ಬಿಡಿಸಿದಳು. ತುಂಬ ಸಮುದ್ರ, ಒಂದು ಮೂಲೆಯಲ್ಲಿ ಬಂದರು, ಅಲ್ಲಲ್ಲಿ ಇಡಲು ಮರದ ಪುಟ್ಟ ದೋಣಿಗಳು.

"ದಾಳ ಎಲ್ಲಿ?" ಎಂದು ತಾತ ಡಬ್ಬಿ ಅಲುಗಿಸಿ ನೋಡಿದ.

"ದಾಳ ಇಲ್ಲ ತಾತ. ಯೋಚನೆ ಮಾಡಿ ಆಡೋ ಆಟ."

"ಹಾಗಾದ್ರೆ ನಿಮ್ಮಜ್ಜೀನ ಕರಿ. ನಮ್ಮನೇಲಿ ಆ ಇಲಾಖೆ ಅವಳದು."

"ಎಲ್ಲರೂ ಬೇಕು. ಒಬ್ಬರ ಮೇಲೊಬ್ಬರು ಆಡೋದಲ್ಲ ಇದು. ನಾವೆಲ್ಲ ಒಂದು ಕಡೆ, ಬಿರುಗಾಳಿ ಒಂದು ಕಡೆ. ಗೆದ್ರೆ ಎಲ್ಲರೂ ಗೆಲ್ತೀವಿ, ಸೋತರೆ ಎಲ್ಲರೂ ಸೋಲ್ತೀವಿ."

ಸೂಪರ್‌ವೈಸರಮ್ಮನ ಕಿವಿ ನೆಟ್ಟಗಾಯಿತು. ಎಲ್ಲರೂ ಒಂದು ಕಡೆ! ಮುರಿಯುತ್ತಿರುವ ಮನೆಯನ್ನು ಒಂದೇ ಮೇಜಿನ ಸುತ್ತ ಕೂರಿಸಲು ಇದಕ್ಕಿಂತ ಬೇರೆ ಉಪಾಯ ಬೇಕೆ? ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂತಳು. ಮಗನನ್ನು ಕೂಗಿದಳು, ಸೊಸೆಯನ್ನೂ ಕೂಗಿದಳು.

ಆಟ ಕಷ್ಟದ್ದೇನಲ್ಲ. ಚೆದುರಿದ ದೋಣಿಗಳನ್ನೆಲ್ಲ ಬಂದರಿಗೆ ತರಬೇಕು. ಒಬ್ಬೊಬ್ಬರ ಸರದಿ ಮುಗಿದಾಗಲೂ ಗಾಳಿಯ ಕಾರ್ಡೊಂದನ್ನು ತಿರುಗಿಸಬೇಕು, ಅದು ಹೇಳಿದಷ್ಟು ಬಿರುಗಾಳಿ ಮುಂದೆ ಬರುತ್ತದೆ. ಒಂದು ದೋಣಿ ಮುಳುಗಿದರೂ ಆಟ ಮುಗಿಯಿತು. ಪ್ರತಿಯೊಬ್ಬರಿಗೂ ಒಂದೊಂದು ವಿದ್ಯೆ. ತಾತ ದೀಪದವನು, ಮುಂದಿನ ಕಾರ್ಡನ್ನು ಇಣುಕಿ ನೋಡಬಹುದು. ಮಗ ಒಡೆದ ದೋಣಿ ಸರಿಮಾಡಬಲ್ಲ. ಕಡ್ಡಿ ಎಲ್ಲರಿಗಿಂತ ಜೋರಾಗಿ ಹುಟ್ಟು ಹಾಕಬಲ್ಲಳು. ಸೊಸೆ ಹಗ್ಗದವಳು, ಅವಳ ದೋಣಿಯ ಪಕ್ಕದಲ್ಲಿರುವ ದೋಣಿಗಳನ್ನು ಕಟ್ಟಿ ಎಳೆದು ತರಬಹುದು. ಅಜ್ಜಿಗೆ ಬಂದರಿನ ಬಾಗಿಲು.

ಬಾಗಿಲಲ್ಲಿ ನಿಲ್ಲುವವಳೇ ಅವಳು? ಎರಡು ಸುತ್ತು ಮುಗಿಯುವುದರೊಳಗೆ ಆಟದ ಒಳಗುಟ್ಟು ಅವಳಿಗೆ ತಿಳಿದುಹೋಯಿತು. "ರೀ, ನೀವು ಕಾರ್ಡ್ ನೋಡಿ. ನೋಡಿದ್ರಾ? ಸರಿ, ಇಡಿ. ಮಗಾ, ಆ ಒಡೆದ ದೋಣಿ ಬಿಡು, ಇದನ್ನ ನೋಡು. ಕಡ್ಡಿ, ನಾಲ್ಕು ಮನೆ ಮುಂದೆ. ಅಲ್ಲಲ್ಲ, ಈ ಕಡೆ." ಸೊಸೆ ತನ್ನ ದೋಣಿಯ ಮೇಲೆ ಬೆರಳಿಟ್ಟು ಯೋಚಿಸುತ್ತಿದ್ದಳು. "ಕೊಡು ಇಲ್ಲಿ," ಎಂದು ಅತ್ತೆ ಅದನ್ನು ತಾನೇ ಸರಿಸಿದಳು.

ಗೆದ್ದರು. ಮರುದಿನವೂ ಗೆದ್ದರು. ಅದರ ಮರುದಿನವೂ. ಸೂಪರ್‌ವೈಸರಮ್ಮ ಹಾಲಿನವನಿಗೂ ಹೇಳಿಕೊಂಡಳು: "ನಮ್ಮ ಮನೇಲಿ ಈಗ ದಿನಾ ಸಂಜೆ ಎಲ್ಲರೂ ಸೇರಿ ಆಡ್ತೀವಿ. ಒಂದು ಆಟಾನೂ ಸೋತಿಲ್ಲ."

ನಾಲ್ಕನೆಯ ಸಂಜೆ ಗೆದ್ದಾಗ ಅವಳು ಎಲ್ಲರ ಅಂಗೈಗೂ ಅಂಗೈ ಬಡಿಯುತ್ತಾ ಬಂದು, ಸೊಸೆಯ ಕುರ್ಚಿಯ ಮುಂದೆ ಕೈ ಎತ್ತಿ ನಿಂತಳು. ಕುರ್ಚಿ ಖಾಲಿ ಇತ್ತು.

"ಎಲ್ಲಿ ಇವಳು?"

"ಬಟ್ಟೆ ತರೋಕೆ ಮಹಡಿಗೆ ಹೋದ್ಲು," ಎಂದಳು ಕಡ್ಡಿ. "ಆಗ್ಲೇ ಹೋದ್ಲು. ಅವಳ ಸರದೀನೆಲ್ಲ ನೀನೇ ಆಡ್ತಾ ಇದ್ದೆ."

"ನಂಗೆ ಗೊತ್ತೇ ಆಗ್ಲಿಲ್ಲ!"

"ಅದೇ ಅಜ್ಜಿ. ಒಬ್ಬರೇ ಕೂತೂ ಈ ಆಟ ಆಡಬಹುದು ಅಂತ ಡಬ್ಬಿ ಮೇಲೆ ಬರೆದಿದೆ. ನೀನು ಒಬ್ಬಳೇ ಆಡ್ಕೋ. ನಮ್ಮನ್ನ ಯಾಕೆ ಕೂರಿಸ್ತೀಯ?"

ಮಗ "ಏಯ್" ಎಂದು ಮಗಳನ್ನು ಗದರಿದ. ಆದರೆ ಆ ಗದರಿಕೆಯಲ್ಲಿ ಜೋರಿರಲಿಲ್ಲ. ಸೂಪರ್‌ವೈಸರಮ್ಮ ದಡದಡನೆ ಮೆಟ್ಟಿಲು ಹತ್ತಿದಳು. ಸೊಸೆ ಒಣಗಿದ ಬಟ್ಟೆಗಳನ್ನು ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದಳು.

"ಆಟದ ಮಧ್ಯ ಎದ್ದು ಬಂದ್ಯಲ್ಲ, ನಾನೇನು ತಪ್ಪು ಮಾಡಿದೆ? ಎಲ್ಲರನ್ನೂ ಗೆಲ್ಲಿಸಿದ್ದು ತಪ್ಪಾ?"

"ತಪ್ಪು ಅಂತ ನಾನೆಲ್ಲಿ ಹೇಳಿದೆ ಅತ್ತೆ?"

"ಬಾಯಿಬಿಟ್ಟು ಹೇಳಲ್ಲ, ಅದೇ ನಿನ್ನ ತಪ್ಪು. ಒಳಗೊಳಗೇ ಇಟ್ಕೊಂಡು ಮನೆ ಹುಡುಕ್ತೀಯ."

ಸೊಸೆ ಕೈಯಲ್ಲಿದ್ದ ಅಂಗಿಯನ್ನು ಹಗ್ಗದ ಮೇಲೆ ವಾಪಸ್ ಹಾಕಿದಳು. "ಸರಿ, ಹೇಳ್ತೀನಿ. ನಾನು ಅಲ್ಲಿರ್ಲಿಲ್ಲ, ಆದ್ರೂ ಆಟ ನಡೀತು. ಈ ಮನೇಲಿ ಹನ್ನೆರಡು ವರ್ಷದಿಂದ ನಂಗೆ ಹಾಗೇ ಅನ್ಸಿದೆ. ಅಲ್ಲಿಗೆ ಹೋದ್ರೆ ಅನ್ನ ಸೀದುಹೋಗಬಹುದು ಅತ್ತೆ. ಸೀದ್ರೆ ಸೀಯಲಿ. ಸೀಯಿಸಿದ್ದು ನಾನು ಅಂತ ಆದ್ರೂ ಆಗುತ್ತಲ್ಲ?"

ಸೂಪರ್‌ವೈಸರಮ್ಮ ಹಗ್ಗದ ಮೇಲಿದ್ದ ಅಂಗಿಯನ್ನು ತೆಗೆದು ಮಡಿಸಿದಳು, ಅದು ತನ್ನ ಅಭ್ಯಾಸದ ಕೈ ಮಾಡಿದ ಕೆಲಸ ಎಂದು ಮಡಿಸಿಯಾದ ಮೇಲೆ ಗೊತ್ತಾಗಿ ಮುಖ ಕೆಂಪಾಯಿತು. ಸೊಸೆಗೆ ಅದನ್ನು ಕೊಟ್ಟು ಕೆಳಗಿಳಿದಳು.

ಆಮೇಲೆರಡು ದಿನ ಆಟದ ಡಬ್ಬಿ ಕಪಾಟಿನ ಮೇಲೆ ಕೂತಿತ್ತು. ಬೆಳಿಗ್ಗೆ ಚಹಾ ಕುಡಿಯುತ್ತಾ ಸೂಪರ್‌ವೈಸರಮ್ಮ ಗಂಡನನ್ನು ಕೇಳಿದಳು, "ರೀ, ನಾನು ಅಷ್ಟು ಕೆಟ್ಟವಳಾ?"

"ಕೆಟ್ಟವಳಲ್ಲ ಕಣೇ. ನೋಡು, ನಾನು ಅಷ್ಟು ವರ್ಷ ಬಸ್ಸಲ್ಲಿ ಟಿಕೆಟ್ ಕೊಟ್ಟೆ. ಒಂದು ದಿನಾನೂ ಡ್ರೈವರ್ ಕೈಯಿಂದ ಸ್ಟೇರಿಂಗ್ ಕಿತ್ಕೊಳ್ಳಲಿಲ್ಲ. ಆದ್ರೂ ಬಸ್ಸು ಊರು ಸೇರ್ತಿತ್ತು."

"ನಿಮ್ಮ ಬಸ್ಸು ಯಾವತ್ತೂ ಲೇಟು."

"ಲೇಟು. ಆದ್ರೆ ಯಾರೂ ಮಧ್ಯದಲ್ಲಿ ಇಳಿದು ಹೋಗಲಿಲ್ಲ."

ಅವಳು ಮುಖ ಸಿಂಡರಿಸಿಕೊಂಡು ಎದ್ದಳು. ಮಾತು ಮಾತ್ರ ಎದೆಯಲ್ಲಿ ಉಳಿಯಿತು. ಆ ಸಂಜೆ ತಾನೇ ಕಪಾಟಿನಿಂದ ಡಬ್ಬಿ ಇಳಿಸಿ ಮೇಜಿನ ಮೇಲಿಟ್ಟಳು. "ಇವತ್ತು ನನ್ನ ಸರದಿ ಮಾತ್ರ ನಾನು ಆಡ್ತೀನಿ. ತುಟಿ ಪಿಟಿಕ್ ಅನ್ನಲ್ಲ."

ಹೇಳುವುದು ಸುಲಭ. ಮಗ ತಪ್ಪು ದೋಣಿಗೆ ಕೈ ಹಾಕಿದಾಗ ಅವಳು ಕೆಮ್ಮಿದಳು. ಕಡ್ಡಿ ತಪ್ಪು ದಿಕ್ಕಿಗೆ ತಿರುಗಿದಾಗ ಕುರ್ಚಿ ಕಿರುಗುಟ್ಟಿಸಿದಳು. ಸೊಸೆಯ ಸರದಿ ಬಂದಾಗ ಅವಳ ಹುಬ್ಬುಗಳು ತಾವಾಗಿಯೇ ಉತ್ತರ ದಿಕ್ಕನ್ನು ತೋರಿಸಿದವು.

"ಅಜ್ಜಿ, ಕೆಮ್ಮೋದೂ ಮಾತೇ. ಹುಬ್ಬೂ ಮಾತೇ."

"ಹುಬ್ಬಿಗೂ ಬೀಗ ಹಾಕ್ಲಾ?"

ತಾತ ಒಳಗೆ ಹೋಗಿ ಒಂದು ಲೋಟ ನೀರು ತಂದಿಟ್ಟ. "ಬಾಯಿ ತುಂಬ ನೀರು ತುಂಬ್ಕೋ. ನಿನ್ನ ಸರದಿ ಬಂದಾಗ ನುಂಗು. ಹುಬ್ಬಿನ ವಿಷಯ ದೇವರಿಗೆ ಬಿಟ್ಟಿದ್ದು."

ಎಲ್ಲರೂ ನಕ್ಕರು. ಆದರೆ ಅವಳು ನಿಜವಾಗಿಯೂ ಬಾಯಿ ತುಂಬ ನೀರು ತುಂಬಿಕೊಂಡು ಕೂತಳು. ಕೆನ್ನೆ ಎರಡೂ ಊದಿಸಿ, ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು. ಆ ದಿನ ಅವರು ಸೋತರು. ಸಣ್ಣ ಸೋಲಲ್ಲ, ಬಂದರಿನ ಎದುರಿಗೇ ದೋಣಿ ಮುಳುಗಿತು. ಸೂಪರ್‌ವೈಸರಮ್ಮ ನೀರು ನುಂಗಿ, ನಾನು ಹೇಳಿದ್ದರೆ ಹೀಗಾಗುತ್ತಿತ್ತೆ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಸೊಸೆ, ಪ್ರತಿದಿನ ಆಟ ಮುಗಿಯುತ್ತಲೇ ಎದ್ದು ಹೋಗುತ್ತಿದ್ದ ಸೊಸೆ, ಮೇಜು ಗುದ್ದಿದಳು.

"ನಂದೇ ತಪ್ಪು. ಹಗ್ಗ ಇಟ್ಕೊಂಡು ಸುಮ್ನೆ ಕೂತೆ. ಇನ್ನೊಂದು ಆಟ ಆಡೋಣ, ಹಾಕೇ ಕಡ್ಡಿ!"

ಅವಳ ದನಿ ಅಷ್ಟು ದೊಡ್ಡದಿದೆ ಎಂದು ಆ ಮನೆಗೆ ಗೊತ್ತಾದದ್ದೇ ಅವತ್ತು.

ಆಮೇಲಿನ ವಾರವೆಲ್ಲ ಸೋಲೇ. ಸಂಜೆಯ ಊಟ ತಡವಾಗತೊಡಗಿತು. ಆಟ ಮುಗಿಯದೆ ಯಾರೂ ಏಳುತ್ತಿರಲಿಲ್ಲವಾದ್ದರಿಂದ ಮೊಟ್ಟೆ ಬೇಯಿಸಿ ಬ್ರೆಡ್ಡಿನ ಜೊತೆ ಹಲಗೆಯ ಪಕ್ಕದಲ್ಲೇ ತಿನ್ನುವುದಾಯಿತು. ಮೊಟ್ಟೆ ಬೇಯಿಸುತ್ತಿದ್ದವಳು ಸೊಸೆ. "ಕೊಡು ಇಲ್ಲಿ" ಎನ್ನೋಣವೆಂದರೆ ಅತ್ತೆಯ ಬಾಯಲ್ಲಿ ನೀರಿತ್ತು. ಸೊಸೆ ಗಂಡನ ಜೊತೆ ವಾದಕ್ಕಿಳಿಯುತ್ತಿದ್ದಳು: "ರೀ, ಅದನ್ನ ಮುಟ್ಟಬೇಡಿ. ಮುಟ್ಟಬೇಡಿ ಅಂದ್ನಲ್ಲ!" ಮಾವನನ್ನೂ ಬಿಡುತ್ತಿರಲಿಲ್ಲ: "ಮಾವ, ಕಾರ್ಡ್ ನೋಡಿ ನಗಬೇಡಿ, ಒಳ್ಳೇದಾ ಕೆಟ್ಟದ್ದಾ ಹೇಳಿ." ಸೂಪರ್‌ವೈಸರಮ್ಮ ಕೆನ್ನೆ ಊದಿಸಿ ಕೂತು ಕೇಳುತ್ತಿದ್ದಳು. ಇಷ್ಟು ವರ್ಷ ತನ್ನ ಕಣ್ಣೆದುರಿಗೇ ಇದ್ದವಳನ್ನು ಈಗಷ್ಟೇ ಯಾರೋ ಕೆಲಸಕ್ಕೆ ಸೇರಿಸಿದ ಹೊಸಬಳಂತೆ ನೋಡುತ್ತಿದ್ದಳು. ಸಾಲಿಗೆ ಒಬ್ಬಳು ಒಳ್ಳೆಯ ಕೆಲಸಗಾತಿ ಬಂದರೆ ಅವಳಿಗೆ ಮೊದಲ ದಿನವೇ ತಿಳಿಯುತ್ತಿತ್ತು. ಮನೆಯೊಳಗಿನವಳನ್ನು ಗುರುತಿಸಲು ಹನ್ನೆರಡು ವರ್ಷ ಬೇಕಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಡಬ್ಬಿ ವಾಪಸ್ ಕೊಡಬೇಕಾದ ಹಿಂದಿನ ದಿನ ಭಾನುವಾರ. ಮಧ್ಯಾಹ್ನದ ಊಟ ಮುಗಿಸಿ ಕೊನೆಯ ಆಟಕ್ಕೆ ಕೂತರು. ಅರ್ಧ ದಾಟುವಷ್ಟರಲ್ಲಿ ಸ್ಥಿತಿ ಕೆಟ್ಟಿತ್ತು. ಉಳಿದವು ಮೂರು ದೋಣಿಗಳು. ಸೊಸೆಯದು ಬಂದರಿನ ಬಾಗಿಲಿಗೆ ಬಂದು ನಿಂತಿತ್ತು, ಇನ್ನೊಂದು ಮನೆ ಸರಿದರೆ ಒಳಗೆ. ಮಿಕ್ಕ ಎರಡು ದೂರದಲ್ಲಿ, ಬಿರುಗಾಳಿಯ ಬಾಯಿಗೆ ಹತ್ತಿರ.

ಸೊಸೆಯ ಸರದಿ. ಒಳಗೆ ಬಾ ಎಂದು ಅತ್ತೆಯ ಇಡೀ ಮೈ ಹೇಳುತ್ತಿತ್ತು. ಕೈಗೆ ಬಂದದ್ದನ್ನು ಮೊದಲು ಉಳಿಸಿಕೋ, ಮಿಕ್ಕದ್ದು ಆಮೇಲೆ. ಕಾರ್ಖಾನೆಯಲ್ಲಿ ಜೀವಮಾನವೆಲ್ಲ ಅವಳು ಮಾಡಿದ್ದು ಅದನ್ನೇ.

ಸೊಸೆ ದೋಣಿಯನ್ನು ತಿರುಗಿಸಿದಳು. ಬಂದರಿಗೆ ಬೆನ್ನು ಹಾಕಿ, ಬಿರುಗಾಳಿಯ ಕಡೆಗೆ.

"ಏ, ತಲೆ ಕೆಟ್ಟಿದೆಯಾ?" ಎಂದ ಮಗ. "ಒಳಗೆ ಬರೋದು ಬಿಟ್ಟು!"

"ಸುಮ್ನಿರಿ ನೀವು. ಒಂದನ್ನ ಉಳಿಸಿಕೊಂಡು ಏನು ಮಾಡ್ತೀರ, ಒಂದು ಮುಳುಗಿದ್ರೂ ಸೋತ್ವಿ. ಅವೆರಡರ ಮಧ್ಯ ಹೋಗಿ ನಿಂತು ಎರಡನ್ನೂ ಕಟ್ಟಿ ಎಳೆದು ತರ್ತೀನಿ. ಮಾವ, ಮುಂದಿನ ಗಾಳಿ ಹೇಗಿದೆ?"

"ಸಣ್ಣದು. ಅದರ ಮುಂದಿನದ್ದು ನಂಗೊತ್ತಿಲ್ಲಮ್ಮ."

"ಅದು ನಂಗೂ ಬೇಡ. ಹೋಗೋದೇ."

ಸೂಪರ್‌ವೈಸರಮ್ಮನ ಬಾಯಲ್ಲಿದ್ದ ನೀರು ಅರ್ಧ ಮೂಗಿಗೆ ಹತ್ತಿತು. ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮು ಒತ್ತಿಕೊಂಡು ಬಂದರೂ ತಡೆದು ಕೂತಳು. ಗಾಳಿಯ ಕಾರ್ಡು ತಿರುಗಿತು, ಸಣ್ಣದು. ಕಡ್ಡಿ ಜೋರಾಗಿ ಹುಟ್ಟು ಹಾಕಿ ಒಂದು ದೋಣಿಯನ್ನು ಅಮ್ಮನ ಪಕ್ಕಕ್ಕೆ ತಂದಳು. ಮಗ ಇನ್ನೊಂದರ ಒಡಕು ಮುಚ್ಚಿದ. ಬಿರುಗಾಳಿ ಒಂದು ಮನೆ ಹಿಂದೆ ಬಂದು ನಿಂತಿತು. ಸೊಸೆ ಎರಡು ಕಡೆಗೂ ಹಗ್ಗ ಕಟ್ಟಿ ಮೂರು ದೋಣಿಗಳನ್ನೂ ಒಂದೇ ಸಾಲಾಗಿ ಎಳೆದುಕೊಂಡು ಬಂದರಿನ ಬಾಗಿಲಿಗೆ ತಂದಳು. ಬಾಗಿಲು ತೆರೆಯಬೇಕಾದದ್ದು ಅಜ್ಜಿ.

ಸೂಪರ್‌ವೈಸರಮ್ಮ ನೀರು ನುಂಗಿದಳು. ಬಾಗಿಲಿನ ಬಿಲ್ಲೆಯನ್ನು ತೆಗೆದಳು. ಮೂರೂ ಒಳಗೆ ಬಂದವು.

ಕಡ್ಡಿ ಕುರ್ಚಿಯ ಮೇಲೆ ಹತ್ತಿ ಕೂಗಿದಳು. ತಾತ ಬಾಯಲ್ಲೇ ಸೀಟಿ ಊದಿದ. ಮಗ ಹೆಂಡತಿಯನ್ನು ನೋಡುತ್ತಿದ್ದ ರೀತಿಗೆ ಅವಳು ನಾಚಿ ಹಲಗೆ ಮಡಿಸತೊಡಗಿದಳು. ಸೂಪರ್‌ವೈಸರಮ್ಮನ ಎದೆ ಉಬ್ಬಿಹೋಗಿತ್ತು. ತನ್ನ ಸಾಲಿನ ಅಂಗಿಗಳು ಲಾರಿ ತುಂಬ ಹೋದ ದಿನವೂ ಅವಳಿಗೆ ಇಷ್ಟು ಹೆಮ್ಮೆಯಾಗಿರಲಿಲ್ಲ. ಇದರಲ್ಲಿ ತನ್ನ ಕೈ ಇರಲಿಲ್ಲ ಎನ್ನುವುದೇ ವಿಚಿತ್ರವಾಗಿತ್ತು, ಆದರೂ ಸುಖವಾಗಿತ್ತು.

ಚಹಾಕ್ಕೆ ನೀರಿಡುವಾಗ ಸೊಸೆ ಅಡುಗೆಮನೆಯಲ್ಲಿ ಅವಳ ಹತ್ತಿರ ಬಂದಳು. "ಅತ್ತೆ, ಒಂದು ಮಾತು. ಆ ಮನೆಯವರು ನಾಳೆ ಬೀಗದ ಕೈ ಕೊಡ್ತಾರಂತೆ. ನೀವು ಬೇಡ ಅಂದ್ರೆ, ನಾವು ಬರಲ್ಲ ಅಂತ ಹೇಳಿಬಿಡ್ತೀನಿ. ಈಗ ಇಲ್ಲಿ ನಂಗೆ ಮೊದಲಿನ ಹಾಗೆ ಅನ್ನಿಸ್ತಿಲ್ಲ. ನಿಜವಾಗಿ ಹೇಳ್ತಿದೀನಿ."

ಈ ಮಾತಿಗಾಗಿಯೇ ಅಲ್ಲವೆ ಅವಳು ಅಷ್ಟು ದಿನ ನೀರು ತುಂಬಿಕೊಂಡು ಕೂತದ್ದು? ಒಂದು 'ಬೇಡ' ಎಂದರೆ ಸಾಕು, ಮನೆ ತುಂಬಿಯೇ ಇರುತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದೂ ಬಿಟ್ಟಿತು. ಸೂಪರ್‌ವೈಸರಮ್ಮ ಒಲೆಯ ಉರಿ ಸಣ್ಣ ಮಾಡಿದಳು.

"ನಿಂಗೇನು ಬೇಕು? ನನ್ನ ಕೇಳಬೇಡ. ನಿಂಗೇನು ಬೇಕು ಹೇಳು."

ಸೊಸೆ ಚಹಾದ ಲೋಟಗಳನ್ನು ಸಾಲಾಗಿ ಜೋಡಿಸಿದಳು. "ನಂಗೆ ಆ ಮನೆ ನಡೆಸಿ ನೋಡ್ಬೇಕು ಅಂತಿದೆ."

"ಹಾಗಾದ್ರೆ ಹೋಗಿ ನಡೆಸು. ಬಿರುಗಾಳಿಗೆ ಎದೆ ಕೊಟ್ಟು ಹೋದವಳು ಸೇತುವೆ ದಾಟೋಕೆ ನನ್ನ ಅಪ್ಪಣೆ ಕೇಳ್ತೀಯಲ್ಲ!" ಎಂದವಳೇ ಆ ಕಡೆ ತಿರುಗಿ, ಮೂಗು ಒರೆಸಿಕೊಂಡು, "ಕಿಟಕಿಗೆ ಪರದೆ ಬೇಕಾಗುತ್ತೆ. ಅಳತೆ ತಂದುಕೊಡು, ಹೊಲಿದುಕೊಡ್ತೀನಿ" ಎಂದಳು.

ಸರಳಿನ ಎತ್ತರ, ಪರದೆಯ ಉದ್ದ ಎರಡೂ ಬರೆದ ಅಳತೆ ಬಂತು. ಉದ್ದ ಕಡಿಮೆ ಎಂದು ಅವಳಿಗೆ ನೋಡಿದ ಕೂಡಲೇ ಅನ್ನಿಸಿತು. ನೆಲದಿಂದ ನಾಲ್ಕು ಬೆರಳು ಮೇಲೆಯೇ ನಿಲ್ಲುತ್ತದೆ. ಕತ್ತರಿ ಹಿಡಿದು ಬಟ್ಟೆಯ ಮುಂದೆ ತುಂಬ ಹೊತ್ತು ಕೂತಳು. ಕೊನೆಗೆ ಸೊಸೆ ಹೇಳಿದ ಉದ್ದಕ್ಕೇ ಕತ್ತರಿಸಿ ಹೊಲಿದಳು.

ಅವರು ಹೋದ ಮೇಲಿನ ಮೊದಲ ಭಾನುವಾರ ಸೂಪರ್‌ವೈಸರಮ್ಮ ಗಂಡನ ಜೊತೆ ಬಸ್ಸು ಹತ್ತಿ ಸೇತುವೆ ದಾಟಿ ಹೊಸ ಮನೆಗೆ ಹೋದಳು. ಬಾಗಿಲು ತೆರೆದೇ ಇತ್ತು. ಒಳಗಿಂದ ಹುರಿದ ಈರುಳ್ಳಿಯ ವಾಸನೆ, ಸ್ವಲ್ಪ ಸೀದ ವಾಸನೆಯೂ. ಸೊಸೆ ಸ್ಟೂಲಿನ ಮೇಲೆ ನಿಂತು ಪರದೆ ಏರಿಸುತ್ತಿದ್ದಳು.

"ಬಂದ್ರಾ ಅತ್ತೆ? ಒಳ್ಳೇ ಹೊತ್ತಿಗೆ ಬಂದ್ರಿ. ಸ್ಟೂಲು ಗಟ್ಟಿಯಾಗಿ ಹಿಡ್ಕೊಳ್ಳಿ. ಮಾವ, ಆ ಸರಳು ಕೊಡಿ. ಅದಲ್ಲ, ಉದ್ದದ್ದು." ಮಗ ಒಳಗೆ ಆಲೂಗೆಡ್ಡೆ ಸುಲಿಯುತ್ತಿದ್ದ. ಅವನಿಗೂ ಸ್ಟೂಲಿನ ಮೇಲಿಂದಲೇ ಅಪ್ಪಣೆ ಹೋಯಿತು.

ಸೂಪರ್‌ವೈಸರಮ್ಮ ಬಗ್ಗಿ ಸ್ಟೂಲು ಹಿಡಿದುಕೊಂಡಳು. ಪರದೆ ಇಳಿಯಿತು. ನೆಲದಿಂದ ನಾಲ್ಕು ಬೆರಳು ಮೇಲೆ.

"ಉದ್ದ ಸಾಲಲಿಲ್ಲ ಅಲ್ವಾ?" ಎಂದು ಕೇಳಿದಳು. ಕೇಳಿದಳು ಅಷ್ಟೇ.

"ಬೇಕೂಂತಲೇ ಅತ್ತೆ. ನೆಲ ಒರೆಸುವಾಗ ಅಂಚು ಒದ್ದೆಯಾಗಬಾರದು."

ಅದು ತನಗೆ ಹೊಳೆದಿರಲಿಲ್ಲ. ಕಾರ್ಖಾನೆಯಲ್ಲಿ ಅಷ್ಟು ಬಟ್ಟೆ ಕಂಡವಳಿಗೆ ಹೊಳೆದಿರಲಿಲ್ಲ.

ಅಷ್ಟರಲ್ಲಿ ಎದುರು ಮನೆಯ ಹೆಂಗಸು ಹೊಸಬರನ್ನು ನೋಡಿ ಹೋಗೋಣವೆಂದು ಬಾಗಿಲಿಗೆ ಬಂದಳು. ಸ್ಟೂಲಿನ ಮೇಲೆ ಸೊಸೆ, ಕೆಳಗೆ ಸ್ಟೂಲು ಹಿಡಿದು ಬಗ್ಗಿರುವ ತಲೆ ನರೆತ ಹೆಂಗಸು. ಯಾರನ್ನು ಮಾತಾಡಿಸುವುದೆಂದು ತಿಳಿಯದೆ ಹಿರಿಯಳನ್ನೇ ಕೇಳಿದಳು, "ಈ ಮನೆ ಯಜಮಾನಿ ನೀವೇನಾ?"

ಸೂಪರ್‌ವೈಸರಮ್ಮ ಸ್ಟೂಲಿನಿಂದ ಕೈ ತೆಗೆಯಲಿಲ್ಲ. ತಲೆ ಮಾತ್ರ ಎತ್ತಿದಳು, ಕತ್ತು ನೀಳ ಮಾಡಿ.

"ಮೇಲೆ ನಿಂತಿದಾಳಲ್ಲ, ಅವಳು," ಎಂದಳು. "ನಾನು ಅವಳ ಅತ್ತೆ."